ಹಳಿಗೆ ಕಾಣದ ಗಾಡಿ

“ಪಟ್ಟಿ ಏನು ಹೇಳ್ತಿದೆ? ಎಲ್ಲರಿಗೂ ಕೇಳೋ ಹಾಗೆ ಓದಿ,” ಎಂದ ಇಂಜಿನಿಯರ್.

ಮಾಜಿ ಕತ್ತೆತ್ತಿ ನೋಡಿದ. ಸಿಗ್ನಲ್ ಕ್ಯಾಬಿನ್ನಿನ ಲಿವರುಗಳ ಮೇಲೆ, ಮರದ ಹಲಗೆಗೆ ಹೊಡೆದ ಗಾಜಿನ ಪೆಟ್ಟಿಗೆಯೊಳಗೆ, ಅಂಗೈಯಗಲದ ತಗಡಿನ ಪಟ್ಟಿಯೊಂದು ಕೆಂಪಾಗಿ ನಿಂತಿತ್ತು.

“ಓದ್ರೀ! ಕಣ್ಣು ಚುರುಕು ಅಂತಲೇ ಅಲ್ವಾ ಯೂನಿಯನ್ನಿನವರು ನಿಮ್ಮನ್ನ ಹುಡುಕಿಕೊಂಡು ಬಂದಿದ್ದು?”

“ಗಾಡಿ ಇದೆ,” ಎಂದು ಓದಿದ ಮಾಜಿ.

“ಹಾಂ, ಗಾಡಿ ಇದೆ! ಲೂಪಿನಲ್ಲಿ ನನ್ನ ಎರಡನೇ ರೈಲುಕಾರು ನಿಂತಿದೆ. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಆದ್ರೂ ಪಟ್ಟಿ ಕೆಂಪಗಿದೆ. ಖಾಲಿ ಗಾಡಿ ಹಳಿಗೆ ಕಾಣೋದಿಲ್ಲ ಅಂತ ಊರೆಲ್ಲ ಡಂಗುರ ಹೊಡೆದ್ರಲ್ಲ, ಈಗ ಏನಂತೀರಿ?”

ಬಾಗಿಲ ಬಳಿ ನಿಂತಿದ್ದ ಗೇಟಮ್ಮನ ಮುಖದಲ್ಲಿ ಇದ್ದ ಚೂರು ರಕ್ತವೂ ಇಳಿದುಹೋಯಿತು.

ಇದೇ ಪಟ್ಟಿ ಹಸಿರಾಗಿ ‘ಖಾಲಿ’ ಎಂದು ತೋರಿಸಿದ್ದರಿಂದಲೇ ಗೂಡ್ಸು ಎಂಜಿನ್ನನ್ನು ಲೂಪಿಗೆ ಬಿಟ್ಟೆ ಎಂದು ಈ ಕ್ಯಾಬಿನ್ನಿನ ಲಿವರ್ ಎಳೆಯುತ್ತಿದ್ದ ಅವಳ ಗಂಡ ಹೇಳಿದ್ದ. ಗೋದಾಮಿನ ಹಿಂದೆ ಬಾಗಿ ಮರೆಯಾಗುವ ಆ ಪಕ್ಕದ ಹಳಿಯಲ್ಲಿ ಮೊದಲನೇ ರೈಲುಕಾರು, ಒಂಟಿ ಡಬ್ಬಿಯ ಡೀಸೆಲ್ ಗಾಡಿ, ಕೆಟ್ಟು ನಿಂತಿತ್ತು. ಎಂಜಿನ್ ಮುಚ್ಚಳ ತೆಗೆದು ಒಳಗೆ ಕೈ ಹಾಕಿದ್ದ ಡ್ರೈವರ್ ಅಲ್ಲೇ ಅಪ್ಪಚ್ಚಿಯಾದ. ಸತ್ತವನು ಗೇಟಮ್ಮನ ಒಡಹುಟ್ಟಿದ ಅಣ್ಣ. ಕೊಲೆಯ ಆರೋಪ ಹೊತ್ತು ಲಾಕಪ್ಪಿನಲ್ಲಿ ಕೂತವನು ಅವಳ ಗಂಡ.

ತವರಿನ ಬಾಗಿಲು ಅವಳಿಗೆ ಮುಚ್ಚಿತ್ತು. “ನಿನ್ನ ಗಂಡ ತಿಂದುಕೊಂಡ ನನ್ನ ಗಂಡನ್ನ,” ಎಂದು ಅತ್ತಿಗೆ ಮುಖಕ್ಕೇ ಹೇಳಿ ಅಗುಳಿ ಹಾಕಿದ್ದಳು.

ಸ್ಟೇಷನ್ನಿನ ಆಚೆ ರಸ್ತೆ ಹಳಿ ದಾಟುವ ಕಡೆ ಗೇಟು ಹಾಕುವುದು, ತೆಗೆಯುವುದು ಅವಳ ಕೆಲಸ. ಅಣ್ಣ ಸತ್ತ ಮರುದಿನವೂ ಅವಳು ಗೇಟು ಹಾಕಿದ್ದಳು. ಕಂಪನಿಯ ಗಾಡಿಗಳು ಯಾರ ಹೆಣಕ್ಕೂ ಕಾಯುವುದಿಲ್ಲ.

ಕುರ್ಚಿಯಲ್ಲಿ ಕೂತಿದ್ದ ತನಿಖಾಧಿಕಾರಿ ಕನ್ನಡಕ ತೆಗೆದು ಒರೆಸಿದರು. “ನೋಡಿ ಮಾಜಿ, ಪರೀಕ್ಷೆ ಬೇಕು ಅಂದ್ರಿ, ಮಾಡಿಸಿದೆ. ಹಳಿಯಲ್ಲಿ ಕರೆಂಟ್ ಹರಿಯುತ್ತೆ, ಚಕ್ರ ಬಂದ್ರೆ ಈ ಹಳಿಯಿಂದ ಆ ಹಳಿಗೆ ದಾಟುತ್ತೆ, ಆಗ ಇಲ್ಲಿ ಪಟ್ಟಿ ಕೆಂಪಗೆ ಬೀಳುತ್ತೆ. ಬಿದ್ದಿದೆ. ಇನ್ನು ನನ್ನ ಕೈಯಲ್ಲಿ ಏನಿದೆ?”

ಮಾಜಿ ಒಂದು ಕಾಲಕ್ಕೆ ಪೊಲೀಸಿನಲ್ಲಿದ್ದವನು. ಮುಷ್ಕರ ಹೂಡಿದ ಕೂಲಿಗಳ ಮೇಲೆ ಸುಳ್ಳು ಕೇಸು ಬರೆಯಲಾರೆ ಎಂದು ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟು ಬಂದ ದಿನದಿಂದ ಊರಿಗೆಲ್ಲ ಅವನು ಬರೀ ಮಾಜಿ. ಈಗ ಅವನು ಪಟ್ಟಿಯನ್ನು ಬಿಟ್ಟು ಇಂಜಿನಿಯರನ ಮುಖವನ್ನೇ ನೋಡುತ್ತಿದ್ದ.

“ಸಾರ್, ಖುಷಿಯಾಗಿದ್ದೀರಿ.”

“ಯಾಕೆ ಆಗಬಾರದು?”

“ಆಗಿ. ಆದ್ರೆ ಪಟ್ಟಿ ಬೀಳೋ ಮುಂಚೆಯೇ ಖುಷಿಯಾಗಿದ್ರಿ. ತುಕ್ಕು ಹಿಡಿದ ಹಳಿ, ಇಷ್ಟು ಹಗುರದ ಗಾಡಿ. ನನಗೇ ಅನುಮಾನ ಇತ್ತು. ನಿಮಗೆ ಇರಲಿಲ್ಲ.”

ಇಂಜಿನಿಯರ್ ನಕ್ಕ. ಹೊಗಳಿಕೆ ಎಂದುಕೊಂಡನೇನೋ. ತಾನು ಕಟ್ಟಿದ್ದನ್ನು ವಿವರಿಸಲು ಸದಾ ತುದಿಗಾಲಲ್ಲಿ ನಿಂತಿರುವ ಜಾತಿ ಅದು.

“ಅನುಮಾನ ಯಾಕ್ರೀ? ಚಕ್ರದ ಹಿಂದೆ ನಾನೇ ಕೂರಿಸಿದ ಉಕ್ಕಿನ ಬ್ರಷ್ ಇದೆ. ಗಾಡಿ ಓಡಿದ ಹಾಗೆ ಅದು ಹಳಿ ಉಜ್ಜುತ್ತೆ, ತುಕ್ಕು ಕೆರೆಯುತ್ತೆ. ನಿಂತಾಗ ಕರೆಂಟು ಅದರಲ್ಲೇ ದಾಟುತ್ತೆ. ಗಾಡಿ ಎಷ್ಟೇ ಹಗುರ ಇರಲಿ, ಪಟ್ಟಿ ಬೀಳಲೇಬೇಕು.”

ಹೊರಗೆ ಸಿಗ್ನಲಿನ ತಂತಿ ಗಾಳಿಗೆ ಕಿರುಗುಟ್ಟಿತು.

“ಅಂದ್ರೆ,” ಎಂದ ಮಾಜಿ ಮೆಲ್ಲಗೆ, “ಬ್ರಷ್ ಇಲ್ಲದಿದ್ರೆ ಬೀಳೋದಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು.”

ಇಂಜಿನಿಯರನ ನಗು ತುಟಿಯ ಮೇಲೆ ಹಾಗೇ ಉಳಿಯಿತು, ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ.

“ಅದು... ಮುನ್ನೆಚ್ಚರಿಕೆ.”

“ಯಾವುದರ ಮುನ್ನೆಚ್ಚರಿಕೆ ಸಾರ್?”

ತನಿಖಾಧಿಕಾರಿ ಕನ್ನಡಕ ಹಾಕಿಕೊಂಡರು. “ಆ ಬ್ರಷ್ ಎತ್ತಿಸಿ ನೋಡೋಣ.”

“ಸಾರ್, ಅದೇನೂ ಬೇಕಾಗಿಲ್ಲ...”

“ಎತ್ತಿಸ್ರೀ.”

ಪರೀಕ್ಷೆಗೆಂದು ಲೂಪಿನ ಕಂಬಕ್ಕೆ ಅಂದು ಟೆಲಿಫೋನ್ ಕಟ್ಟಿದ್ದರು. ಗೇಟಮ್ಮನ ಅಣ್ಣ ಸತ್ತ ದಿನ ಅಲ್ಲಿ ಟೆಲಿಫೋನ್ ಇರಲಿಲ್ಲ. ಇದ್ದಿದ್ದರೆ ಗಾಡಿ ಕೆಟ್ಟಿದೆ ಎಂದು ಒಂದು ಮಾತು ಹೇಳುತ್ತಿದ್ದ. ಹಬೆಯ ಎಂಜಿನ್ನಿನ ಕಾಲವಾಗಿದ್ದರೆ ಜೊತೆಗೆ ಫೈರ್‌ಮನ್ ಇರುತ್ತಿದ್ದ, ಹಿಂದೆ ಗಾರ್ಡು ಇರುತ್ತಿದ್ದ. ಒಬ್ಬ ರಿಪೇರಿಗೆ ಬಗ್ಗಿದರೆ ಇನ್ನೊಬ್ಬ ಕೆಂಪು ಬಾವುಟ ಹಿಡಿದು ಹಿಂದಕ್ಕೆ ಓಡುತ್ತಿದ್ದ. ರೈಲುಕಾರಿಗೆ ಒಬ್ಬನೇ ಸಾಕು ಎಂದು ಲೆಕ್ಕ ಹಾಕಿದವರು, ಆ ಒಬ್ಬನಿಗೆ ಎರಡೇ ಕೈ, ಎರಡೇ ಕಾಲು ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಾಜಿ ಮೆಟ್ಟಿಲಿಳಿದು ಲೂಪಿನತ್ತ ನಡೆದ. ಗೇಟಮ್ಮ ಪಟ್ಟಿಯ ಮೇಲಿನ ಕಣ್ಣು ಕೀಳಲಿಲ್ಲ.

ಲೂಪಿನಲ್ಲಿ ಗಾಡಿಯ ಬಳಿ ನಿಂತಿದ್ದವನು ಅವಳ ಕಡೆಯ ತಮ್ಮ ಎಂದು ಅವಳಿಗೆ ಗೊತ್ತಿತ್ತು. ಅಣ್ಣನ ಎಂಜಿನ್ನಿಗೆ ಕಲ್ಲಿದ್ದಲು ಹಾಕಿ ಹಾಕಿ ಅವನಿಗೆ ಮಸಿ ಎಂದೇ ಹೆಸರಾಗಿತ್ತು. ರೈಲುಕಾರು ಬಂದ ಮೇಲೆ ಆ ಕೆಲಸ ಹೋಯಿತು, ಹೆಸರು ಉಳಿಯಿತು. ಈಗ ಅದೇ ರೈಲುಕಾರಿನ ಶೆಡ್ಡಿನಲ್ಲಿ ಎಣ್ಣೆ ಒರೆಸುವ ದಿನಗೂಲಿ.

ಟೆಲಿಫೋನ್ ಗಂಟೆ ಹೊಡೆಯಿತು. ತನಿಖಾಧಿಕಾರಿ ಕಿವಿಗಿಟ್ಟುಕೊಂಡರು. “ಹೂಂ. ಬಿಚ್ಚಿದ್ರಾ? ಎತ್ತಿ.”

ಪೆಟ್ಟಿಗೆಯೊಳಗೆ ಪಟ್ಟಿ ಅದುರಿತು. ಇನ್ನೊಮ್ಮೆ ಅದುರಿತು. ಆಮೇಲೆ ಟಕ್ ಎಂದು ತಿರುಗಿ ಹಸಿರಾಯಿತು.

ಖಾಲಿ.

ಗೇಟಮ್ಮನ ಗಂಟಲಿನಿಂದ ಒಂದು ಸದ್ದು ಹೊರಟಿತು. ಅದು ಅಳುವೂ ಅಲ್ಲ, ಮಾತೂ ಅಲ್ಲ. ಅಷ್ಟು ದೊಡ್ಡ ಗಾಡಿ, ಬಣ್ಣ ಬಳಿದ ಗಾಡಿ, ಹಾರ ಹಾಕಿ ಫೋಟೋ ಹಿಡಿಸಿದ ಗಾಡಿ, ಗೋದಾಮಿನ ಹಿಂದೆ ಹಳಿಯ ಮೇಲೆ ಕೂತೇ ಇತ್ತು. ಹಳಿ ಮಾತ್ರ ಅದನ್ನು ಇಲ್ಲ ಎನ್ನುತ್ತಿತ್ತು.

“ನಮ್ಮ ಮನೆಯವರು ಹೇಳಿದ್ದು ಇದನ್ನೇ,” ಎಂದಳು ಅವಳು. “ಮೊದಲು ಕೆಂಪಾಯ್ತು, ಆಮೇಲೆ ಹಸಿರಾಯ್ತು, ಗಾಡಿ ಬ್ರಾಂಚ್ ಲೈನಿಗೆ ಹೊರಟುಹೋಯ್ತು ಅಂದ್ಕೊಂಡೆ ಅಂತ. ಠಾಣೆಯಲ್ಲಿ ಬೂಟುಗಾಲಿಗೆ ಸಿಕ್ಕಿದಾಗಲೂ ಇದನ್ನೇ ಹೇಳಿದ್ರು.”

ತನಿಖಾಧಿಕಾರಿ ಟೆಲಿಫೋನ್ ಕೆಳಗಿಡಲಿಲ್ಲ. “ಏನಂತೀರಿ ಮಾಜಿ? ಜನರನ್ನಾ? ಯಾವ ಜನ? ...ಆಯ್ತು, ಹತ್ತಿಸಿ.”

ಬ್ರಾಂಚ್ ಲೈನಿನ ಗಾಡಿ ಹೊರಡಬಹುದು ಎಂಬ ಆಸೆಯಲ್ಲಿ ಪ್ಲಾಟ್‌ಫಾರಂ ಮೇಲೆ ಬೆಳಗಿನಿಂದ ಜನ ಕಾಯುತ್ತಿದ್ದರು. ತರಕಾರಿ ಬುಟ್ಟಿಯವರು, ಗಿರಣಿಯ ಪಾಳಿ ಮುಗಿಸಿದವರು, ಹೆರಿಗೆ ಮಾಡಿಸಲು ಹೊರಟ ಸೂಲಗಿತ್ತಿ, ಕಾಲು ಮುರಿದುಕೊಂಡ ಮೇಷ್ಟ್ರು. ಕರೆದದ್ದೇ ತಡ, ಅವರು ಹಳಿ ದಾಟಿ ಗೋದಾಮಿನ ಹಿಂದಕ್ಕೆ ಹೋದದ್ದು ಕಿಟಕಿಯಿಂದ ಕಂಡಿತು.

ಪಟ್ಟಿ ಹಸಿರಾಗಿಯೇ ಇತ್ತು. ಒಬ್ಬೊಬ್ಬರೇ ಹತ್ತುತ್ತಿರಬೇಕು. ಗೇಟಮ್ಮನಿಗೆ ಅವರ ಪಾದಗಳು ಮೆಟ್ಟಿಲ ಮೇಲೆ ಬೀಳುವುದು ಕೇಳಿಸಿದಂತಾಯಿತು.

ಟಕ್.

ಗಾಡಿ ಇದೆ.

“ಸೂಲಗಿತ್ತಿ ಬುಟ್ಟಿ ಸಮೇತ ಹತ್ತಿದಳಂತೆ, ಆಗ ಬಿತ್ತಂತೆ,” ಎಂದರು ತನಿಖಾಧಿಕಾರಿ. ಅವರ ದನಿ ಇಳಿದಿತ್ತು.

ಹಳಿಗೆ ಕಂಪನಿಯ ಗಾಡಿ ಕಂಡಿರಲಿಲ್ಲ. ಅದರೊಳಗೆ ಒತ್ತಿಕೊಂಡು ಕೂತವರ ಮೈಭಾರ ಕಂಡಿತ್ತು.

ಮಾಜಿ ಏದುಸಿರು ಬಿಡುತ್ತ ಹಿಂದಿರುಗುವಷ್ಟರಲ್ಲಿ ಇಂಜಿನಿಯರ್ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದ.

“ಟ್ರಯಲ್ ದಿನ ಇದು ಯಾಕೆ ಗೊತ್ತಾಗಲಿಲ್ಲ?” ಎಂದು ತನಿಖಾಧಿಕಾರಿ ಕೇಳುತ್ತಿದ್ದರು. “ಆವತ್ತು ನಾನೇ ಪಾಸು ಮಾಡಿದ್ದೆ. ಆವತ್ತೂ ಗಾಡಿಯಲ್ಲಿ ಜನ ಇರಲಿಲ್ಲವಲ್ಲ?”

“ಜನ ಇರಲಿಲ್ಲ, ಮೂಟೆ ಇದ್ದವು,” ಎಂದಳು ಗೇಟಮ್ಮ.

ಎಲ್ಲರೂ ಅವಳತ್ತ ತಿರುಗಿದರು.

“ಗೇಟು ಹಾಕಿದ್ದು ನಾನೇ ಅಲ್ವಾ ಸ್ವಾಮಿ. ಸೀಟು ಸೀಟಿಗೂ ಮರಳಿನ ಮೂಟೆ ಕೂರಿಸಿದ್ರು. ನಮ್ಮಣ್ಣ ಮುಂದಿನ ಸೀಟಿನ ಮೂಟೆಗೆ ತನ್ನ ಟೋಪಿ ಹಾಕಿದ್ದ. ‘ತಂಗೀ, ಕೈ ಮುಗಿ, ಇವರು ಡೈರೆಕ್ಟರು! ಮಾತಿಲ್ಲ, ಕತೆಯಿಲ್ಲ, ಬರೀ ಹೊಟ್ಟೆ!’ ಅಂತ ಕೂಗಿಕೊಂಡು ಹೋದ.”

ನಗು ಯಾರಿಗೂ ಬರಲಿಲ್ಲ. ಹೇಳಿದವಳ ತುಟಿ ಮಾತ್ರ ಒಂದಿಷ್ಟು ಅಲುಗಿ, ಬಿಗಿಯಿತು.

“ತುಂಬಿದ ಗಾಡಿ ಏರು ಹತ್ತುತ್ತಾ, ಬ್ರೇಕು ಹಿಡಿಯುತ್ತಾ ಅಂತ ನೋಡೋಕೆ ಮೂಟೆ ಕೂರಿಸೋದು ಎಲ್ಲ ಕಡೆಯ ಪದ್ಧತಿ,” ಎಂದ ಇಂಜಿನಿಯರ್. “ಮೋಸ ಅಲ್ಲ.”

“ಖಾಲಿ ಓಡಿಸಿ ನೋಡೋದು ಪದ್ಧತಿ ಅಲ್ವಾ?” ಎಂದ ಮಾಜಿ.

ಇಂಜಿನಿಯರ್ ಥಟ್ಟನೆ ತಿರುಗಿದ. ಅವನ ಕಣ್ಣಲ್ಲಿ ಕೋಪದ ಜೊತೆಗೆ ಬೇರೇನೋ ಇತ್ತು.

“ನಿಮಗೆ ಏನು ಗೊತ್ತು ಈ ಗಾಡಿ ಹುಟ್ಟಿದ ಕತೆ? ಈ ಬ್ರಾಂಚ್ ಲೈನನ್ನ ಕಿತ್ತು ಹಳಿಯನ್ನ ಗುಜರಿಗೆ ಹಾಕ್ತೀವಿ ಅಂತ ಕೂತಿದ್ರು. ದಿನಕ್ಕೆ ಬುಟ್ಟಿ ಹೊತ್ತ ನಾಲ್ಕು ಜನ ಹತ್ತೋ ಲೈನಿಗೆ ಹಬೆ ಎಂಜಿನ್ ಯಾಕೆ, ಅದಕ್ಕೆ ಕಲ್ಲಿದ್ದಲು ಯಾಕೆ, ನೀರಿನ ಟ್ಯಾಂಕು ಯಾಕೆ ಅಂದ್ರು. ನಾನು ಲಾರಿಯ ಡೀಸೆಲ್ ಎಂಜಿನ್ ತಂದು ತಗಡಿನ ಪೆಟ್ಟಿಗೆಗೆ ಕೂರಿಸಿದೆ. ಮೊದಲ ಸಲ ಗೇರು ಹಾಕಿದಾಗ ಕಿಟಕಿ ಗಾಜೆಲ್ಲ ಉದುರಿತು. ಎರಡನೇ ಸಲ ಕ್ಲಚ್ಚು ಸುಟ್ಟಿತು. ಗಾಡಿ ತಿರುಗಿಸೋ ತಾಪತ್ರಯ ಬೇಡ ಅಂತ ಎರಡೂ ಕಡೆ ಮೂತಿ ಇಟ್ಟೆ. ತೂಕ ಇಳಿಸು, ಇನ್ನೂ ಇಳಿಸು ಅಂತ ಮೇಲಿನವರು ಕತ್ತು ಹಿಡಿದ್ರು. ಇಳಿಸಿದೆ. ಇಳಿಸದಿದ್ರೆ ಈ ಲೈನೇ ಇರ್ತಿರಲಿಲ್ಲ, ಈ ಕ್ಯಾಬಿನ್ನೂ ಇರ್ತಿರಲಿಲ್ಲ, ಇವಳ ಗೇಟೂ ಇರ್ತಿರಲಿಲ್ಲ!”

ಅದು ಸುಳ್ಳಾಗಿರಲಿಲ್ಲ. ಅದೇ ಅದರ ಕಹಿ. ಬದುಕಿಸಿದೆ ಎಂಬ ಹೆಸರಿನಲ್ಲಿ ಎಷ್ಟು ಜನರನ್ನು ಬೇಕಾದರೂ ಲೆಕ್ಕದಿಂದ ತೆಗೆಯಬಹುದು ಎಂದು ಈ ಜನಕ್ಕೆ ಯಾರು ಕಲಿಸಿದರೋ.

“ಖಾಲಿ ಗಾಡಿಗೆ ಪಟ್ಟಿ ತಪ್ಪುತ್ತೆ ಅಂತ ಯಾವಾಗ ಗೊತ್ತಾಯ್ತು?” ಎಂದು ತನಿಖಾಧಿಕಾರಿ ಕೇಳಿದರು.

“ನೀವು ಪಾಸು ಮಾಡಿದ ಮೇಲೆ. ಅದಕ್ಕೇ ತಾನೇ ಎರಡು ಗಾಡಿಗೂ ಬ್ರಷ್ ಹಾಕಿಸಿದ್ದು? ಮೊದಲನೇ ಗಾಡಿಗೂ ಇತ್ತು. ಗುದ್ದಿದ ಪೆಟ್ಟಿಗೆ ಕಿತ್ತುಹೋಗಿರಬೇಕು.”

“ಕಿತ್ತುಹೋಗಿಲ್ಲ,” ಎಂದ ಮಾಜಿ.

ಅವನು ಜೇಬಿನಿಂದ ಕರ್ಚೀಫಿನ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದ. ಹೆಬ್ಬೆರಳು ದಪ್ಪದ ಬೋಲ್ಟು. ಅದರ ತುದಿಗೆ ನಟ್ಟು ನೀಟಾಗಿ ತಿರುಗಿಸಿತ್ತು. ನಟ್ಟು ಸಡಿಲವಾಗಿ ಬೀಳದಂತೆ ಸಣ್ಣ ತಂತಿ ಸುತ್ತಿತ್ತು.

“ನುಜ್ಜಾದ ಗಾಡಿಯ ಅಡಿಯಿಂದ ತಂದಿದ್ದು. ಬ್ರಷ್ ಕೂರಿಸೋ ತೂತಿನಲ್ಲೇ ಇತ್ತು, ತಂತಿ ಕೆಡದ ಹಾಗೆ ಸುತ್ತಲಿನ ತಗಡು ಕೊಯ್ದು ತೆಗೆದೆ. ಕಿತ್ತುಹೋಗಿದ್ರೆ ಬೋಲ್ಟು ಮುರೀಬೇಕಿತ್ತು, ಇಲ್ಲ ಬಗ್ಗಬೇಕಿತ್ತು. ಇದನ್ನ ಸ್ಪ್ಯಾನರ್ ಹಾಕಿ ಬಿಚ್ಚಿದಾರೆ, ಬ್ರಷ್ ತೆಗೆದಿದಾರೆ. ಆಮೇಲೆ ಬೋಲ್ಟು ಕಳೆದುಹೋಗಬಾರದು ಅಂತ ಅದರ ಜಾಗದಲ್ಲೇ ಹಾಕಿ, ನಟ್ಟು ತಿರುಗಿಸಿ, ತಂತಿ ಕಟ್ಟಿದಾರೆ. ಹಾಳು ಮಾಡೋಕೆ ಬಂದ ಕಳ್ಳ ಹೀಗೆ ಮಾಡಲ್ಲ. ಬೆಳಗೆದ್ದರೆ ಇದೇ ಕೆಲಸ ಮಾಡೋ ಕೈಗೆ ಮಾತ್ರ ಈ ಅಭ್ಯಾಸ.”

ಗೇಟಮ್ಮ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದಳು.

ತಂತಿಯ ತುದಿ ಹೊರಗೆ ಚಾಚಿರಲಿಲ್ಲ. ಒಳಕ್ಕೆ ಮಡಿಸಿ, ಕಣ್ಣಿನ ಆಕಾರದಲ್ಲಿ ಸುತ್ತಿ, ಚುಚ್ಚದಂತೆ ಒತ್ತಿತ್ತು. ಅಪ್ಪನ ಅಂಗೈ ಒಮ್ಮೆ ತಂತಿಯ ತುದಿಗೆ ಸೀಳಿ ನಂಜೇರಿತ್ತು. ಅವತ್ತಿನಿಂದ ಮೂರು ಮಕ್ಕಳನ್ನೂ ಕೂರಿಸಿಕೊಂಡು ಹೀಗೆ ಮಡಿಸುವುದನ್ನು ಕಲಿಸಿದ್ದ. ಅವಳ ಗೇಟಿನ ಸರಪಳಿಗೂ ಇದೇ ಮಡಿಕೆ. ಬಟ್ಟೆ ಒಣಹಾಕುವ ತಂತಿಗೂ ಇದೇ.

ಅಪ್ಪ ಇಲ್ಲ. ಅಣ್ಣ ಇಲ್ಲ. ಅವಳು ಬಿಚ್ಚಿಲ್ಲ.

“ಇನ್ನೊಂದು ವಿಷಯ,” ಎಂದ ಮಾಜಿ. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. “ಈಗಷ್ಟೇ ಎರಡನೇ ಗಾಡಿಯ ಬ್ರಷ್ ಬಿಚ್ಚಿಸಿದೆನಲ್ಲ, ಅಲ್ಲೂ ಇಂಥದ್ದೇ ತಂತಿ. ಹೊಸದು, ಇನ್ನೂ ಹೊಳೀತಿದೆ. ಇಲ್ಲಿಂದ ಬಿಚ್ಚಿದ್ದೂ ಅಲ್ಲಿ ಹಾಕಿದ್ದೂ ಒಂದೇ ಕೈ.”

ಇಂಜಿನಿಯರ್ ಕರ್ಚೀಫಿಗೆ ಜೇಬು ತಡಕಿದ. ಸಿಗಲಿಲ್ಲ. ಅಂಗೈಯಿಂದಲೇ ಕುತ್ತಿಗೆ ಒರೆಸಿಕೊಂಡ.

“ಹಾಗಾದ್ರೆ ಆ ಕೈಯನ್ನ ಹಿಡೀರಿ. ನಾನು ಮೊದಲಿನಿಂದ ಹೇಳ್ತಾನೇ ಇದ್ದೆ, ಹಬೆ ಎಂಜಿನ್ನಿನವರು ಈ ಗಾಡಿಗೆ ಕತ್ತಿ ಮಸೀತಿದ್ರು. ಕ್ಯಾಬಿನ್ನಿನವನು ಉದ್ಘಾಟನೆ ದಿನ ಎಲ್ಲರೆದುರು ಡ್ರೈವರಿಗೆ ಏನಂದ? ‘ಭಾವಾ, ಈ ಡಬ್ಬಿ ನಿನ್ನ ಹೆಣ ಹೊತ್ತುಕೊಂಡೇ ಬರೋದು’ ಅಂದ. ಬಿಚ್ಚಿಸಿದ್ದು ಅವನೇ. ಗೂಡ್ಸು ಬಿಟ್ಟಿದ್ದೂ ಅವನೇ.”

“ಅದು ಹೆದರಿಕೆಯ ಮಾತು ಸ್ವಾಮಿ, ಬೆದರಿಕೆ ಅಲ್ಲ!” ಎಂದಳು ಗೇಟಮ್ಮ.

“ಕೋರ್ಟಿಗೆ ಎರಡೂ ಒಂದೇ ಥರ ಕೇಳಿಸುತ್ತಮ್ಮ,” ಎಂದರು ತನಿಖಾಧಿಕಾರಿ ಎದ್ದು ನಿಲ್ಲುತ್ತ. “ನೋಡಿ ಮಾಜಿ. ಬ್ರಷ್ಷನ್ನ ಕಂಪನಿಯವರೇ ತೆಗೆಸಿದ್ರು ಅಂತ ಬಿಚ್ಚಿದವನ ಬಾಯಿಂದ ಹೇಳಿಸಿದ್ರೆ ಇವಳ ಗಂಡ ಇವತ್ತೇ ಮನೆಗೆ ಹೋಗ್ತಾನೆ. ಕೆಲಸಗಾರರೇ ತೆಗೆದ್ರು ಅಂತಾದ್ರೆ ಅವನ ಕತೆ ಮುಗೀತು. ಸಂಜೆ ನಾನು ಟ್ರಾಲಿಯಲ್ಲಿ ಗೇಟಿನ ಕಡೆ ಬರ್ತೀನಿ. ಅಷ್ಟರೊಳಗೆ ಆ ಕೈ ಯಾರದು ಅಂತ ಬೇಕು.”

ಇಂಜಿನಿಯರ್ ಹೊರಡುವಾಗ ಗೇಟಮ್ಮನ ಮುಖವನ್ನು ಒಂದು ಕ್ಷಣ ಹೆಚ್ಚಿಗೆ ನೋಡಿದ. ಅವಳು ಸೆರಗಿನ ತುದಿಯನ್ನು ಮಡಿಸುತ್ತಿದ್ದಳು. ಒಳಕ್ಕೆ ಮಡಿಸಿ, ಸುತ್ತಿ, ಒತ್ತಿ.

ಮಾಜಿಯೂ ಅದನ್ನು ನೋಡಿದ. ನೋಡದವನಂತೆ ಬೋಲ್ಟನ್ನು ಕರ್ಚೀಫಿಗೆ ಕಟ್ಟಿಕೊಂಡು ಮೆಟ್ಟಿಲಿಳಿದ.

* * *

ಶೆಡ್ಡಿನಲ್ಲಿ ಡೀಸೆಲ್ಲಿನ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಮೊದಲನೇ ಗಾಡಿಯ ಅವಶೇಷ. ಅದರ ಪಕ್ಕದಲ್ಲೇ ಮಸಿ ಕೂತು ಬುತ್ತಿ ಬಿಚ್ಚಿದ್ದ, ತಿನ್ನುತ್ತಿರಲಿಲ್ಲ.

“ಯಾಕೋ, ಊಟ ಸೇರಲ್ವಾ?”

“ಅಕ್ಕಾ, ನೀನು ಇಲ್ಲಿಗೆ ಯಾಕೆ ಬಂದೆ? ಯಾರಾದ್ರೂ ನೋಡಿದ್ರೆ...”

“ನೋಡಲಿ. ನನ್ನ ತಮ್ಮನ ಜೊತೆ ಮಾತಾಡೋಕೂ ಕಂಪನಿ ಅಪ್ಪಣೆ ಬೇಕಾ?” ಅವಳು ಅವನೆದುರು ಕುಕ್ಕರುಗಾಲಲ್ಲಿ ಕೂತಳು. “ಕೈ ಚಾಚು.”

“ಯಾಕೆ?”

“ಚಾಚೋ!”

ಅವನು ಚಾಚಿದ. ಬಲಗೈಯ ತೋರುಬೆರಳ ಮೇಲೆ ತಂತಿ ಒತ್ತಿದ ಗುರುತು ಇನ್ನೂ ಕೆಂಪಗಿತ್ತು. ಅಪ್ಪನ ಬೆರಳಿನ ಮೇಲೂ ಅದೇ ಜಾಗದಲ್ಲಿ ಗಟ್ಟಿ ಚರ್ಮ ಕಟ್ಟಿತ್ತು.

“ಅಣ್ಣನ ಗಾಡಿಯ ಬ್ರಷ್ ಬಿಚ್ಚಿದ್ದು ನೀನು.”

ಮಸಿ ಬುತ್ತಿಯ ಮುಚ್ಚಳ ಹಾಕಿದ. ಹಾಕಲು ಬಹಳ ಹೊತ್ತು ತೆಗೆದುಕೊಂಡ.

“ಹೇಳಿದ್ದು ಯಾರು? ಆ ಇಂಜಿನಿಯರ್ ಅಲ್ವಾ?” ಅವಳ ದನಿಯಲ್ಲಿ ಬೇಡಿಕೆ ಇತ್ತು. “ಅಲ್ವಾ? ಹೂಂ ಅನ್ನೋ! ಅಷ್ಟು ಹೇಳಿದ್ರೆ ನಿಮ್ಮ ಭಾವ ಇವತ್ತೇ ಮನೆಗೆ ಬರ್ತಾರೆ.”

“ಹೂಂ. ಅವರೇ.”

ಗೇಟಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಎದೆಯಲ್ಲಿ ಕೂಡಿಟ್ಟಿದ್ದ ಉಸಿರು.

“ಡೈರೆಕ್ಟರುಗಳು ಬರೋ ಹಿಂದಿನ ದಿನ,” ಎಂದ ಮಸಿ. “ಅವರನ್ನ ಕೂರಿಸೋಕೆ ಎರಡನೇ ಗಾಡಿ ಸಿಂಗರಿಸಿದ್ವಿ. ಇಂಜಿನಿಯರ್ ಬಂದು ಬಗ್ಗಿ ನೋಡಿದ್ರು. ಅದರ ಬ್ರಷ್ ಇರಲಿಲ್ಲ. ‘ಏಯ್, ಮೊದಲನೇದರದ್ದು ಬಿಚ್ಚಿ ಇದಕ್ಕೆ ಹಾಕು’ ಅಂದ್ರು. ‘ಸಾರ್, ಅದು ನಾಳೆ ನಮ್ಮಣ್ಣ ಓಡಿಸೋ ಗಾಡಿ’ ಅಂದೆ. ‘ಬ್ರಾಂಚ್ ಲೈನಿಗೆ ಒಂದು ದಿನ ಬ್ರಷ್ ಇಲ್ಲದಿದ್ರೆ ಆಕಾಶ ಬೀಳಲ್ಲ, ನಿನ್ನ ಕೆಲಸ ಕಾಯಂ ಆಗಬೇಕೋ ಬೇಡ್ವೋ’ ಅಂದ್ರು.”

“ಥೂ.”

“ಬಿಚ್ಚಿದೆ. ಹಾಕಿದೆ.”

“ಆ ಡೈರೆಕ್ಟರುಗಳಿಗೆ ದಾರಿ ಬಿಡೋಕೆ ತಾನೇ ಅಣ್ಣನ್ನ ಲೂಪಿಗೆ ತಳ್ಳಿದ್ದು?”

“ಹೂಂ. ಅವರ ಗಾಡಿ ಮುಖ್ಯ ಹಳಿ ಮೇಲೆ ಹೋಯ್ತು. ಅಣ್ಣನದು ಲೂಪಿನಲ್ಲಿ ಜನರನ್ನ ಇಳಿಸಿ ನಿಂತಿತ್ತು, ಅಲ್ಲೇ ಆರಿಹೋಯ್ತು.”

ಅವಳು ಎದ್ದಳು. ಅವನ ರಟ್ಟೆ ಹಿಡಿದು ಎಳೆದಳು. “ನಡೀ. ಇದೇ ಮಾತನ್ನ ಸಾಹೇಬ್ರ ಮುಂದೆ ಹೇಳು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.”

ಮಸಿ ಏಳಲಿಲ್ಲ.

“ಏಳೋ. ಕೆಲಸ ಹೋದ್ರೆ ಹೋಗಲಿ. ನನ್ನ ಮನೆಯಲ್ಲಿ ಒಂದು ತುತ್ತು...”

“ಅಕ್ಕಾ, ಎರಡನೇ ಗಾಡಿಯ ಬ್ರಷ್ ಮೊದಲು ಯಾಕೆ ಇರಲಿಲ್ಲ ಅಂತ ನೀನು ಕೇಳಲೇ ಇಲ್ಲ.”

ಅವಳ ಕೈ ಸಡಿಲವಾಯಿತು. ಹೊರಗೆ ಶಂಟಿಂಗ್ ಎಂಜಿನ್ನೊಂದು ಡಬ್ಬಿಗಳನ್ನು ಗುದ್ದುತ್ತ ಹೋಯಿತು, ಆ ಸದ್ದು ಶೆಡ್ಡಿನ ತಗಡಿಗೆಲ್ಲ ಹರಡಿತು.

“ಅದನ್ನೂ ನಾನೇ ಬಿಚ್ಚಿದ್ದೆ,” ಎಂದ ಮಸಿ. “ಅದರ ಹಿಂದಿನ ದಿನ.”

“ಯಾರು ಹೇಳಿದ್ರು?”

“ಭಾವ.”

ಗೇಟಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

“ಕೆಟ್ಟದಕ್ಕಲ್ಲ ಅಕ್ಕಾ! ನಮ್ಮಪ್ಪನಾಣೆ. ಖಾಲಿ ಗಾಡಿ ಪಟ್ಟಿಗೆ ಸಿಗಲ್ಲ ಅಂತ ಭಾವ ಎಷ್ಟು ಸಲ ಮೇಲಕ್ಕೆ ಹೇಳಿದ್ರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಬ್ರಷ್ ಹಾಕಿ ತೇಪೆ ಹಚ್ಚಿದ್ರು ಅಷ್ಟೇ. ‘ಡೈರೆಕ್ಟರುಗಳು ಕ್ಯಾಬಿನ್ ನೋಡೋಕೆ ಬರ್ತಾರೆ. ಅವರ ಗಾಡಿ ಹಳಿ ಮೇಲೆ ನಿಂತಿರೋವಾಗಲೇ ಪಟ್ಟಿ ಹಸಿರಿರಲಿ. ಅವರೇ ಕಣ್ಣಾರೆ ನೋಡಲಿ, ಆಗ ಬುದ್ಧಿ ಬರುತ್ತೆ. ಯಾರ ಮೈಗೂ ಗೀರೂ ಆಗಲ್ಲ’ ಅಂದ್ರು. ನಾನು ಬಿಚ್ಚಿಕೊಟ್ಟೆ.”

“ಮತ್ತೆ ಅಣ್ಣನ ಗಾಡೀದು ತೆಗೆದದ್ದನ್ನ ನಿಮ್ಮ ಭಾವನಿಗೆ ಹೇಳಲಿಲ್ವಾ?”

ಮಸಿ ಇಲ್ಲವೆಂದು ತಲೆಯಾಡಿಸಿದ. ಕಣ್ಣಿನಿಂದ ನೀರು ಇಳಿದು ಕೆನ್ನೆಯ ಎಣ್ಣೆಯ ಮೇಲೆ ಗೆರೆ ಎಳೆಯಿತು.

“ಹೇಳೋಕೆ ಹೋಗ್ತಿದ್ದೆ. ಇಂಜಿನಿಯರ್ ಶೆಡ್ಡು ಬಿಟ್ಟು ಕದಲೋಕೆ ಬಿಡಲಿಲ್ಲ. ಮಾರನೇ ದಿನ ಡೈರೆಕ್ಟರ ಗಾಡಿ ಬಂತು, ಅವರೆಲ್ಲ ಇಳಿದ ಮೇಲೂ ಆ ಹಳಿಯ ಪಟ್ಟಿ ಕೆಂಪಗೇ ಇತ್ತು. ಭಾವ ಏನಂದ್ಕೊಂಡ್ರು? ಹುಡುಗ ಹೆದರಿ ವಾಪಸ್ ಹಾಕಿದಾನೆ, ಎರಡೂ ಗಾಡಿಗೆ ಬ್ರಷ್ ಇದೆ, ಇವತ್ತು ಪಟ್ಟಿ ನಂಬಬಹುದು ಅಂದ್ಕೊಂಡ್ರು. ನಂಬಿದ್ರು.”

ಬ್ರಷ್ ಇದೆ ಎಂದು ನಂಬಿ, ಹಸಿರು ನೋಡಿ, ಅವಳ ಗಂಡ ಲಿವರ್ ಎಳೆದಿದ್ದ. ಗೋದಾಮಿನ ಆಚೆ ಹೆಂಡತಿಯ ಅಣ್ಣ ಎಂಜಿನ್ನಿನೊಳಗೆ ಕೈ ಹಾಕಿ ಬಗ್ಗಿದ್ದ.

ಗೇಟಮ್ಮನಿಗೆ ಯಾರನ್ನು ಶಪಿಸಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದ ಪ್ರತಿ ಶಾಪವೂ ಸುತ್ತಿಕೊಂಡು ತನ್ನ ಮನೆಗೇ ಬರುತ್ತಿತ್ತು.

“ಆ ಬ್ರಷ್ ಎಲ್ಲಿದೆ?” ಎಂದಳು ಕೊನೆಗೆ. “ಮೊದಲು ಬಿಚ್ಚಿದ್ದು.”

“ಭಾವನ ಕೈಗೆ ಕೊಟ್ಟೆ.”

“ಎಲ್ಲಿಟ್ಟರು?”

ಅವನು ತಲೆ ತಗ್ಗಿಸಿದ. “ನಿನ್ನ ಗೇಟಿನ ಕೋಣೆಯಲ್ಲಿ. ಬಾವುಟ ಇಡೋ ಪೆಟ್ಟಿಗೆ ಹಿಂದೆ, ಗೋಣಿ ಸುತ್ತಿ.”

* * *

ಹಳಿಯ ಪಕ್ಕದ ಜಲ್ಲಿಯ ಮೇಲೆ ಅವಳು ಓಡಿದಳು. ಚಪ್ಪಲಿ ಒಂದು ಎಲ್ಲೋ ಬಿತ್ತು.

ಓಡುತ್ತಲೇ ಎಲ್ಲ ಸ್ಪಷ್ಟವಾಗುತ್ತಿತ್ತು. ಆ ಗೋಣಿಯ ಗಂಟು ಸಾಹೇಬರ ಕೈಗೆ ಸಿಗದಿದ್ದರೆ ತಮ್ಮನ ಮಾತು ಅರ್ಧಕ್ಕೆ ನಿಲ್ಲುತ್ತದೆ, ಆ ಅರ್ಧದಲ್ಲಿ ಇಂಜಿನಿಯರ್ ಮಾತ್ರ ಇರುತ್ತಾನೆ. ಗಂಡ ಮನೆಗೆ ಬರುತ್ತಾನೆ. ಸಿಕ್ಕಿದರೆ ಮೊದಲು ಬಿಚ್ಚಿಸಿದ್ದು ಕ್ಯಾಬಿನ್ನಿನವನು, ಬಿಚ್ಚಿದ್ದು ಅವನ ಭಾಮೈದ. ಕಂಪನಿ ಕೈ ತೊಳೆದುಕೊಳ್ಳುತ್ತದೆ. ಅತ್ತಿಗೆಯ ಅಗುಳಿ ಇನ್ನೆಂದೂ ತೆರೆಯುವುದಿಲ್ಲ. ಅದನ್ನು ತೆರೆ ಎಂದು ಕೇಳುವ ಮುಖ ತನಗೂ ಇರುವುದಿಲ್ಲ.

ಅಣ್ಣನಿಗೆ ಯಾವುದು ನ್ಯಾಯ? ಅರ್ಧ ಸತ್ಯವೋ, ಪೂರ್ತಿಯೋ? ಟೋಪಿ ಹಾಕಿದ ಮರಳು ಮೂಟೆಯನ್ನು ತೋರಿಸಿ ನಕ್ಕ ಅಣ್ಣ ಏನನ್ನುತ್ತಿದ್ದ? ಜಲ್ಲಿಕಲ್ಲು ಪಾದಕ್ಕೆ ಚುಚ್ಚಿತು, ಯೋಚನೆ ಅಲ್ಲಿಗೇ ಕಡಿಯಿತು.

ಕೋಣೆಯ ಬಾಗಿಲು ತೆರೆದಿತ್ತು. ಬೀಗ ಹಾಕಿದ್ದಳು ಅವಳು.

ಮೆಟ್ಟಿಲ ಮೇಲೆ ಮಾಜಿ ಕೂತಿದ್ದ. ಅವನ ತೊಡೆಯ ಮೇಲೆ ಗೋಣಿಯ ಗಂಟು. ಬಿಚ್ಚಿರಲಿಲ್ಲ, ಆದರೆ ಉಕ್ಕಿನ ಕೂದಲು ಎರಡು ಕಡೆ ಗೋಣಿಯನ್ನು ತೂರಿ ಹೊರಗೆ ಬಂದಿದ್ದವು.

“ನಿಮಗೆ ಹೇಗೆ...” ಅವಳ ಮಾತು ಪೂರ್ತಿಯಾಗಲಿಲ್ಲ.

“ನಿಮ್ಮ ತಮ್ಮ ನನ್ನ ಕಣ್ಣೆದುರೇ ತಂತಿ ಬಿಚ್ಚಿ ಮತ್ತೆ ಕಟ್ಟಿದ ಗೇಟಮ್ಮ. ಆಮೇಲೆ ನೀವು ಸೆರಗು ಮಡಿಸಿದ್ರಿ. ಇಲ್ಲಿಗೆ ಬಂದೆ, ಸರಪಳಿ ನೋಡಿದೆ. ಎರಡು ಬ್ರಷ್ಷಲ್ಲಿ ಒಂದು ಇನ್ನೂ ಕಾಣೆ, ಅದಕ್ಕೇ ಹಳೇ ಪೊಲೀಸು ಕೈಚಳಕದಲ್ಲಿ ಬೀಗ ತೆಗೆದೆ. ಹುಡುಕೋದು ಕಷ್ಟ ಆಗಲಿಲ್ಲ.” ಅವನು ಸುಸ್ತಾದವನಂತೆ ಕಂಡ. “ಇಂಜಿನಿಯರೂ ನಿಮ್ಮ ಸೆರಗು ನೋಡಿದಾನೆ. ಸಾಹೇಬರ ಟ್ರಾಲಿಯಲ್ಲಿ ಅವನೂ ಹತ್ತಿದಾನೆ. ಬಂದವನೇ ಈ ಕೋಣೆ ಜಾಲಾಡಿಸ್ತಾನೆ.”

ದೂರದಲ್ಲಿ ಹಳಿಯ ತಿರುವಿನಿಂದ ಟ್ರಾಲಿ ಹೊರಬಂತು. ತಳ್ಳುವ ಇಬ್ಬರ ತಲೆ, ಮೇಲೆ ಬಿಳಿ ಛತ್ರಿ.

“ಸುಳ್ಳು ಹೇಳಲಾರೆ ಅಂತ ನಾನು ಬೆಲ್ಟು ಬಿಚ್ಚಿಟ್ಟು ಬಂದೆ ಅಂತ ಜನ ಹಾಡಿ ಹೊಗಳ್ತಾರೆ,” ಎಂದ ಮಾಜಿ. “ಅದು ಅಷ್ಟು ಕಷ್ಟ ಇರಲಿಲ್ಲ. ಅವತ್ತು ಸುಳ್ಳು ಬೇಕಾಗಿದ್ದು ಮೇಲಿನವರಿಗೆ, ನಮ್ಮವರಿಗಲ್ಲ.”

ಅವನು ಎದ್ದು ನಿಂತ. ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಹಸುಗೂಸನ್ನು ಒಪ್ಪಿಸುವವನಂತೆ ಮುಂದೆ ಚಾಚಿದ.

“ಹೇಳಿ ಗೇಟಮ್ಮ. ಇದನ್ನ ನಾನು ನೋಡಿದೀನಾ, ಇಲ್ವಾ?”

ಟ್ರಾಲಿಯ ಗಂಟೆ ಹೊಡೆಯಿತು. ರಸ್ತೆಯ ಕಡೆಯಿಂದ ಎತ್ತಿನ ಗಾಡಿಯೊಂದು ಹಳಿಯತ್ತ ಬರುತ್ತಿತ್ತು. ಗೇಟು ತೆರೆದೇ ಇತ್ತು. ಅವಳ ಒಂದು ಕೈ ಅಭ್ಯಾಸಬಲದಿಂದ ಸರಪಳಿಯತ್ತ ಹೋಯಿತು, ಇನ್ನೊಂದು ಗೋಣಿಯ ಮೇಲೆ ಬಿತ್ತು. ಎರಡರಲ್ಲಿ ಯಾವುದನ್ನೂ ಅವಳಿನ್ನೂ ಎಳೆದಿರಲಿಲ್ಲ.